ಚಾಕ್ ಬಿದ್ದ ಕಡೆ

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ದಿನವಿಡೀ "ಹಲೋ" ಅನ್ನುತ್ತಿದ್ದುದರಿಂದ ಅವಳಿಗೆ ಹಲೋ ಅಕ್ಕ ಅಂತಲೇ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಿಟಕಿ ಇಲ್ಲದ ಕೋಣೆ, ಕಿವಿ ಒತ್ತುವ ಹೆಡ್‌ಫೋನು, ಎದುರಿಗೆ ಮಿಣಮಿಣ ಅನ್ನುವ ಕೆಂಪು ದೀಪಗಳ ಸಾಲು. ಯಾವ ವಾರ್ಡಿಗೆ ಯಾರ ಕರೆ, ಯಾವ ಡಾಕ್ಟರಿಗೆ ಯಾರ ಗೋಳು, ಎಲ್ಲವೂ ಅವಳ ಬೆರಳ ತುದಿಯಿಂದಲೇ ಹಾದುಹೋಗಬೇಕು. ಹಾಗೆ ಕೇಳಿ ಕೇಳಿ ಅವಳಿಗೆ ಒಂದು ವಿದ್ಯೆ ಒಲಿದಿತ್ತು. ಮುಖ ನೋಡದೆ, ಬರೀ ದನಿಯಿಂದಲೇ, ಮನುಷ್ಯ ನಿಜ ಹೇಳುತ್ತಿದ್ದಾನೋ ಬುರುಡೆ ಬಿಡುತ್ತಿದ್ದಾನೋ ಅಂತ ತಿಳಿದುಬಿಡುತ್ತಿದ್ದಳು. "ಸಾಹೇಬರು ಆಪರೇಷನ್ನಲ್ಲಿದಾರೆ" ಅಂತ ಯಾರಾದರೂ ಅಂದರೆ, ಸಾಹೇಬರು ಕ್ಯಾಂಟೀನಿನಲ್ಲಿ ಕೂತಿದ್ದಾರೆ ಅಂತ ಅವಳಿಗೆ ಗೊತ್ತಾಗುತ್ತಿತ್ತು.

ಈ ವಿದ್ಯೆ ಮನೆಯಲ್ಲಿ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಯಾಕೆಂದರೆ ಅವಳ ಗಂಡ ಸುಳ್ಳು ಹೇಳುವವರಲ್ಲ, ತಪ್ಪು ಹುಡುಕುವವರು.

ಗಂಡ ಒಂದು ಷರಟಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು. ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಬಟ್ಟೆ ಹಾಸಿ, ಮೇಲೆ ರಟ್ಟಿನ ಅಚ್ಚಿಟ್ಟು, ಚಾಕಿನಲ್ಲಿ ಗೆರೆ ಎಳೆದು ಕತ್ತರಿಸುವ ಕೆಲಸ. ಗೆರೆ ಕೂದಲೆಳೆಯಷ್ಟು ಆಚೆ ಹೋದರೂ ಒಂದು ರಾಶಿ ಷರಟಿನ ತೋಳು ಮೋಟಾಗುತ್ತದೆ. ಅದಕ್ಕೇ ಅವರದು ಹದ್ದಿನ ಕಣ್ಣು. ಅದನ್ನು ಯಾರೂ ಅಲ್ಲ ಅನ್ನುವಂತಿರಲಿಲ್ಲ. ತೊಂದರೆ ಏನೆಂದರೆ, ಆ ಕಣ್ಣನ್ನು ಅವರು ಸಂಜೆ ಕಾರ್ಖಾನೆಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ಮನೆಗೆ ಬಂದರೆ ಪರದೆ ಡೊಂಕು, ಚಹಾ ಬರೀ ನೀರು, ಮಡಿಸಿಟ್ಟ ಬಟ್ಟೆಯ ಅಂಚು ಅಂಚಿಗೆ ಕೂತಿಲ್ಲ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ನೋಡಿದ್ದೇವೆ. ಮಾಸ್ಟರು ಕಲ್ಲು ಸಿಗದಿದ್ದರೆ ತಾವೇ ಒಂದು ಹಾಕಿ ಹುಡುಕುವವರು. ಮದುವೆಯಾದ ಹೊಸದರಲ್ಲಿ ಅವಳು ಅತ್ತಳು. ಆಮೇಲೆ ಜಗಳವಾಡಿದಳು. ಆಮೇಲೆ "ಹೂಂ" ಅನ್ನುವುದನ್ನು ಕಲಿತಳು. ಆದರೆ ತನ್ನ ಕೈಯಿಂದ ಆದ ಒಂದೇ ಒಂದು ವಸ್ತುವನ್ನು ನೋಡಿ ಈ ಮನುಷ್ಯ ಎಂದಾದರೂ "ಚೆನ್ನಾಗಿದೆ" ಅನ್ನಬೇಕು ಅನ್ನುವ ಆಸೆ ಮಾತ್ರ ಒಳಗೆ ಹಾಗೇ ಕೂತಿತ್ತು. ನಾಚಿಕೆಗೆಟ್ಟ ಆಸೆ ಅಂತ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದರೆ ಎದ್ದು ಹೋಗುವ ಆಸೆಯೇ ಅದು?

ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ ನೇರವಾಗಿಯೇ ಕೇಳಿದ್ದಳು. "ಅಪ್ಪನ ಸರ್ಟಿಫಿಕೇಟು ತಗೊಂಡು ನೀನೇನು ಉಪ್ಪಿನಕಾಯಿ ಹಾಕ್ತೀಯೇನಮ್ಮಾ?"

"ನಿನಗೆ ಗೊತ್ತಾಗಲ್ಲ ಬಿಡು," ಅಂದು ಅವಳು ಫೋನಿಟ್ಟಿದ್ದಳು. ಅವಳಿಗೂ ಗೊತ್ತಿರಲಿಲ್ಲ.

ಮಾಸ್ಟರಿಗಿದ್ದ ಒಂದೇ ಹುಚ್ಚು ಫೋಟೋ. ಗಂಡಹೆಂಡತಿ ಪ್ರತಿವಾರ ಹೋಗುತ್ತಿದ್ದ ಪ್ರಾರ್ಥನಾ ಮಂದಿರದಲ್ಲಿ ಅಂಥ ಹುಚ್ಚಿನವರ ಒಂದು ಗುಂಪೇ ಇತ್ತು. ಯಾರೂ ಇದರಿಂದ ಹೊಟ್ಟೆ ಹೊರೆಯುವವರಲ್ಲ. ಪ್ರಾರ್ಥನೆ ನಡೆಯುವಾಗ ಫೋಟೋ ತೆಗೆಯುವುದು. ತಿಂಗಳ ಕೊನೆಯ ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಸೇರಿ ಒಬ್ಬರ ಫೋಟೋದ ಮೇಲೆ ಒಬ್ಬರು ಹಲ್ಲು ಮಸೆಯುವುದು. ಅದಕ್ಕೆ ಅವರು ಇಟ್ಟುಕೊಂಡ ಹೆಸರು ವಿಮರ್ಶೆ. ಕಾಲು ಮುರಿದ ಬೆಂಚು, ಹಳೆಯ ಹಾಡಿನ ಪುಸ್ತಕಗಳ ಕಟ್ಟು, ಕೆಟ್ಟುಹೋದ ಫ್ಯಾನು, ಇವುಗಳ ನಡುವೆ ಒಂದು ಮೇಜು, ಗೋಡೆಗೆ ಒಂದು ಹಲಗೆ. ಅಧ್ಯಕ್ಷರು ಹಲ್ಲಿನ ಡಾಕ್ಟರು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಎರಡೂ ಇದ್ದೋರು ಕಡಿದು ಮುರ್ಕೊಂಡು ನನ್ನ ಹತ್ರ ಬರ್ತಾರೆ" ಅನ್ನುವ ಒಂದೇ ಜೋಕನ್ನು ಪ್ರತಿ ಸಭೆಯಲ್ಲೂ ಹೇಳಿ, ತಾವೇ ಮೊದಲು ನಗುತ್ತಿದ್ದರು.

ಅಲ್ಲಿನ ಪದ್ಧತಿ ಹೀಗೆ. ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು ಬರೆದು, ಮಗುಚಿ ಒಂದು ಡಬ್ಬಕ್ಕೆ ಹಾಕಬೇಕು. ಡಾಕ್ಟರು ಒಂದೊಂದನ್ನೇ ತೆಗೆದು ಹಲಗೆಗೆ ಚುಚ್ಚುತ್ತಾರೆ. ತೆಗೆದವರು ಯಾರು ಅಂತ ಯಾರಿಗೂ ತಿಳಿಯಬಾರದು, ಅದಕ್ಕೇ ತೆಗೆದವರ ಬಾಯಿಗೆ ಬೀಗ. ತಮ್ಮ ಫೋಟೋವನ್ನು ಹರಿದು ಹಂಚುತ್ತಿದ್ದರೂ ಕಮಕ್ ಕಿಮಕ್ ಅನ್ನುವಂತಿಲ್ಲ. ಕೊನೆಗೆ ಕತ್ತರಿ ಮಾಸ್ಟರು ಏಳುತ್ತಾರೆ. ಕಾರ್ಖಾನೆಯ ಅಚ್ಚಿನ ರಟ್ಟಿನಿಂದ ಮಾಡಿದ, ಮೂಲೆಯ ಆಕಾರದ ಎರಡು ಪಟ್ಟಿಗಳನ್ನು ಫೋಟೋದ ಮೇಲಿಟ್ಟು, ಹಿಂದೆ ಮುಂದೆ ಸರಿಸಿ, ಎಲ್ಲಿ ಕತ್ತರಿಸಬೇಕೋ ಅಲ್ಲಿ ಷರಟಿನ ಚಾಕಿನಲ್ಲೇ ಗೆರೆ ಎಳೆಯುತ್ತಾರೆ. ಅಷ್ಟಾದ ಮೇಲೆ ಡಾಕ್ಟರು ಫೋಟೋ ಮಗುಚಿ ಹೆಸರು ಓದುತ್ತಾರೆ. ಆಮೇಲೆ ತೆಗೆದವರೇ ಎದ್ದು ಬಂದು, ಮೇಜಿಗೆ ದಾರದಲ್ಲಿ ಕಟ್ಟಿದ ಕತ್ತರಿಯಿಂದ, ಎಲ್ಲರೆದುರು ಗೆರೆಯ ಗುಂಟ ಕತ್ತರಿಸಬೇಕು. ಉಳಿದ ತುಂಡಿಗೆ ಮಂದಿರದ ಹಜಾರದ ಗೋಡೆಯಲ್ಲಿ ಜಾಗ. ಹೆಸರು ಓದಿದ ಮೇಲೆ ತೀರ್ಪು ಬದಲಾಯಿಸಬಾರದು ಅಂತಲೂ ಒಂದು ನಿಯಮವಿತ್ತು. ಅದರ ಮೇಲೆ ಅವರಿಗೆಲ್ಲ ಭಾರಿ ಹೆಮ್ಮೆ.

ಒಮ್ಮೆ ಹಾಡುವವರ ಗುಂಪಿನ ಒಂದು ಫೋಟೋ ಹಲಗೆಗೆ ಬಂತು. ಮಾಸ್ಟರು ಪಟ್ಟಿ ಸರಿಸಿ, "ಈ ಬಲಗಡೆಯ ಹೆಂಗಸಿನ ಬಾಯಿ ನೋಡಿ, ಆಕಳಿಸ್ತಿದಾರೋ ಹಾಡ್ತಿದಾರೋ ದೇವರಿಗೇ ಗೊತ್ತು. ಇವರನ್ನ ಆಚೆ ಹಾಕಿದ್ರೆ ಚಿತ್ರ ಬದುಕುತ್ತೆ," ಅಂದು ಗೆರೆ ಎಳೆದರು. ಎಲ್ಲರೂ ನಕ್ಕರು. ಡಾಕ್ಟರು ಮಗುಚಿ ಓದಿದರೆ, ತೆಗೆದವನು ಬೇಕರಿಯವನು, ಆ ಹೆಂಗಸು ಅವನ ಅಕ್ಕ. ಬೇಕರಿಯವನು ಎದ್ದು ಬಂದು, ತುಟಿ ಕಚ್ಚಿಕೊಂಡು, ಸ್ವಂತ ಅಕ್ಕನನ್ನು ಕತ್ತರಿಸಿದ. ಹೊರಗೆ ಚಹಾ ಕುಡಿಯುವಾಗ ಮಾಸ್ಟರು ಅವನ ಬೆನ್ನು ತಟ್ಟಿ, "ಬೇಜಾರಾಗ್ಬೇಡ ಕಣಯ್ಯ, ಕಣ್ಣಿಗೆ ಸಂಬಂಧ ಇರಬಾರದು," ಅಂದರು. ಅದು ಅವರ ಮಂತ್ರ.

ಆ ಚಹಾ ಕಾಯಿಸುತ್ತಿದ್ದವಳು ಹಲೋ ಅಕ್ಕ. ಗುಂಪಿನಲ್ಲಿ ಅವಳಿಗಿದ್ದ ಜಾಗ ಅದೇ, ಬಾಗಿಲ ಪಕ್ಕ, ಸ್ಟೌವಿನ ಮುಂದೆ.

ಅವಳ ಕೈಗೆ ಕ್ಯಾಮೆರಾ ಬಂದದ್ದು ಮಾಸ್ಟರು ಹೊಸದು ಕೊಂಡಾಗ. ಹಳೆಯದರ ಫೋಕಸ್ ಉಂಗುರ ಒಂದೇ ಕಡೆ ಸಿಕ್ಕಿಕೊಂಡು ಅತ್ತ ಇತ್ತ ತಿರುಗುತ್ತಿರಲಿಲ್ಲ. "ಗುಜರಿಗೆ ಹಾಕು," ಅಂದಿದ್ದರು. ಅವಳು ಹಾಕಲಿಲ್ಲ. ಉಂಗುರ ತಿರುಗದಿದ್ದರೆ ಏನಂತೆ, ತಾನೇ ತಿರುಗಿದರಾಯಿತು ಅಂತ, ಕಣ್ಣಿಗಿಟ್ಟುಕೊಂಡು ಹಿಂದೆ ಮುಂದೆ ನಡೆದು ನೋಡಿದಳು. ಒಂದು ದೂರದಲ್ಲಿ ಎಲ್ಲವೂ ಸೂಜಿಮೊನೆಯಷ್ಟು ಚೂಪಾಗಿ ಕಂಡಿತು. ಮಂದಿರದಲ್ಲಿ ಆ ದೂರ ಸಿಕ್ಕಿದ್ದು ಪಕ್ಕದ ಗೋಡೆಯ ಕಂಬದ ಬಳಿ. ಉಳಿದ ಫೋಟೋದವರೆಲ್ಲ ವೇದಿಕೆಯ ಮುಂದೆ ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ಬೋಧಕರ ಎತ್ತಿದ ಕೈಗೆ ಕಾದಿರುತ್ತಿದ್ದರೆ, ಅವಳಿಗೆ ಕಂಬದಿಂದ ಕಂಡದ್ದು ಕೂತ ಜನ.

ಪ್ರಾರ್ಥನೆಯ ಕೊನೆಗೆ ಎಲ್ಲರೂ ಎದ್ದು ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುವ ಒಂದು ಹೊತ್ತಿದೆ. ಆ ಹೊತ್ತಿನಲ್ಲಿ, ನಡುವಿನ ಸಾಲಿನಲ್ಲಿ, ಸೂಜಿ ದಾರ ಮಾರುವ ಹೆಂಗಸೊಬ್ಬಳು ಕಣ್ಣು ಮುಚ್ಚುತ್ತಿರಲಿಲ್ಲ. ತಲೆ ತಿರುಗಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಅವಳ ತಂಗಿ ಒಂದು ದಿನ ಇದೇ ಮಂದಿರದಲ್ಲಿ ಅವಳೊಂದಿಗೆ ಜಗಳವಾಡಿ ಎದ್ದು ಹೋದವಳು ತಿರುಗಿ ಬಂದಿರಲಿಲ್ಲ; ಇದು ಎಲ್ಲರಿಗೂ ಗೊತ್ತಿತ್ತು. ಹಲೋ ಅಕ್ಕ ಅದನ್ನು ತೆಗೆದಳು. ಸಾಲು ಸಾಲು ಮುಚ್ಚಿದ ಕಣ್ಣು, ನಡುವೆ ತೆರೆದ ಎರಡೇ ಕಣ್ಣು, ಬಲಗಡೆಯ ಅಂಚಿನಲ್ಲಿ ಅರ್ಧ ತೆರೆದ ಬಾಗಿಲು, ಅದರ ಸಂದಿಯಿಂದ ಬಂದ ಬಿಸಿಲು. ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ, ಬೆನ್ನಿಗೆ ಹೆಸರು ಬರೆದು, ಚಹಾದ ಲೋಟ ಜೋಡಿಸುವ ನೆಪದಲ್ಲಿ ಡಬ್ಬದೊಳಗೆ ಜಾರಿಸಿದಳು. ಹೆಸರಿಲ್ಲದೆ ನೋಡಿದರೆ ಈ ಮನುಷ್ಯ ಏನು ಹೇಳುತ್ತಾರೆ? ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಫೋಟೋ ಹಲಗೆಗೆ ಬಂತು. ಮಾಸ್ಟರು ಎದ್ದರು. ಪಟ್ಟಿ ಇಟ್ಟರು, ತೆಗೆದರು. ಮತ್ತೆ ಇಟ್ಟರು, ಮತ್ತೆ ತೆಗೆದರು. ಆಮೇಲೆ ಚಾಕನ್ನು ಜೇಬಿಗೆ ಹಾಕಿಕೊಂಡರು.

"ಇದರಲ್ಲಿ ಕತ್ತರಿಸೋಕೆ ಏನೂ ಇಲ್ಲ," ಅಂದರು. "ಇಷ್ಟು ವರ್ಷ ನಾವೆಲ್ಲ ದೇವರ ಮುಂದೆ ನಿಂತು ಬೋಧಕರ ಬೋಳುತಲೆ ತೆಗೆದ್ವಿ. ಇವನ್ಯಾರೋ ಪ್ರಾರ್ಥನೆಯನ್ನೇ ತೆಗೆದಿದಾನೆ. ಆ ಬಾಗಿಲು ನೋಡಿ. ಆ ಬಾಗಿಲು ಇಲ್ಲದಿದ್ರೆ ಈ ಚಿತ್ರ ಇಲ್ಲ."

ಸ್ಟೌವಿನ ಮುಂದೆ ಅವಳು ಲೋಟ ತುಂಬಿದ ಮೇಲೂ ಚಹಾ ಹೊಯ್ಯುತ್ತಲೇ ಇದ್ದಳು. ಮಾತಿಗಿಂತ ಹೆಚ್ಚಾಗಿ ಅವಳು ಕೇಳಿಸಿಕೊಂಡದ್ದು ದನಿಯನ್ನು. ಅದರಲ್ಲಿ ಒಂದು ಚೂರೂ ಬೆರಕೆ ಇರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿ ಆ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. ಕುಣಿದಾಡಬೇಕು ಅನ್ನಿಸಿತು. ಡಾಕ್ಟರು ಫೋಟೋ ಮಗುಚಿದರು. ಒಮ್ಮೆ ಓದಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ಅಯ್ಯೋ! ನಮ್ಮ ಹಲೋ ಅಕ್ಕ ಕಣ್ರೀ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಬೇಕರಿಯವನು ಚಪ್ಪಾಳೆ ತಟ್ಟಿದ. ಮಾಸ್ಟರು ಮಾತ್ರ ಹಲಗೆಯನ್ನೇ ನೋಡುತ್ತ ನಿಂತಿದ್ದರು. ಅವರ ಕಿವಿ ಕೆಂಪಾಗುವುದು ಅವಳಿಗೆ ಅಷ್ಟು ದೂರಕ್ಕೂ ಕಂಡಿತು. ಆಮೇಲೆ ಅವರು ನಕ್ಕರು.

"ಓ, ಇವಳಾ! ಹಾಗಾದ್ರೆ ಸರಿ. ಅದು ನನ್ನ ಹಳೇ ಕ್ಯಾಮೆರಾ ಕಣ್ರೀ. ಫೋಕಸ್ಸು ನಾನೇ ಹೊಂದಿಸಿಟ್ಟಿದ್ದು. ಅದರಲ್ಲಿ ಕುರುಡ ಒತ್ತಿದರೂ ಚಿತ್ರ ಬರುತ್ತೆ." ಜೇಬಿನಿಂದ ಚಾಕು ತೆಗೆಯುವವರ ಹಾಗೆ ಚಾಕ್ ತೆಗೆದರು. "ಈಗ ಸರಿಯಾಗಿ ನೋಡಿದ್ರೆ ಬಲಗಡೆ ಭಾರ ಜಾಸ್ತಿ. ಬೆಳಕು ಕಣ್ಣು ಎಳೀತದೆ." ಗೆರೆ ಎಳೆದರು. ಬಾಗಿಲು ಗೆರೆಯ ಆಚೆಗೆ ಹೋಯಿತು.

ತೀರ್ಪು ಬದಲಾಯಿಸಬಾರದು ಅನ್ನುವ ನಿಯಮ ಎಲ್ಲರಿಗೂ ನೆನಪಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಡಾಕ್ಟರು ತಮ್ಮ ಲೋಟದೊಳಗೆ ಏನೋ ಬಿದ್ದಿದೆಯೇನೋ ಅನ್ನುವ ಹಾಗೆ ನೋಡುತ್ತ ಕೂತರು. ಬೇಕರಿಯವನು, "ಮಾಸ್ಟ್ರೇ, ಈಗ ತಾನೇ ನೀವು..." ಅಂತ ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಅವಳು ಕೈ ಒರೆಸಿಕೊಂಡು ಬಂದಳು. ದಾರದ ಕತ್ತರಿ ಹಿಡಿದಳು. ಗಂಡನ ಮುಖ ನೋಡಿದಳು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕತ್ತರಿಸಿದಳು.

ಮನೆಯಲ್ಲಿ ಊಟಕ್ಕೆ ಕೂತಾಗ ಅವಳೇ ಕೇಳಿದಳು. "ರೀ, ಬಾಗಿಲು ಇರಬೇಕು ಅಂತ ನೀವೇ ಅಂದ್ರಲ್ಲ?"

ಮಾಸ್ಟರು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ಉಪ್ಪು ಜಾಸ್ತಿಯಾಗಿದೆ," ಅಂದರು.

ನೆಗೆಟಿವ್ ಇತ್ತು, ಅವಳು ಪೂರ್ತಿ ಪ್ರಿಂಟು ಇನ್ನೊಂದು ಹಾಕಿಸಿ ಬೀರುವಿನಲ್ಲಿ ಬಟ್ಟೆಯ ಕೆಳಗಿಟ್ಟಳು. ಆದರೆ ಲೋಕದ ಪಾಲಿಗೆ ಹಜಾರದ ಗೋಡೆಯ ಮೇಲಿದ್ದದ್ದೇ ಚಿತ್ರ. ಹೋಗಿ ಬರುವವರು ಅದರ ಮುಂದೆ ನಿಂತು, "ಈ ಯಮ್ಮ ಕಣ್ಣು ಬಿಟ್ಕೊಂಡು ಏನ್ ನೋಡ್ತಿದಾಳೆ?" ಅಂತ ಕೇಳುತ್ತಿದ್ದರು. ಸೂಜಿ ದಾರ ಮಾರುವ ಹೆಂಗಸು ಒಂದು ದಿನ ತಾನೂ ನಿಂತು ನೋಡಿದಳು. "ಪ್ರಾರ್ಥನೆ ಹೊತ್ತಲ್ಲಿ ನಾನೊಬ್ಬಳೇ ಹುಚ್ಚಿ ಥರ ಕಾಣ್ತೀನಲ್ಲಕ್ಕ," ಅಂದಳು. ಹಲೋ ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬೇರೆ ಯಾರಾದರೂ ಆಗಿದ್ದರೆ ಕ್ಯಾಮೆರಾವನ್ನು ಗುಜರಿಗೆ ಹಾಕುತ್ತಿದ್ದರು. ಇವಳದು ಹಟ. ಪ್ರತಿ ತಿಂಗಳು ಒಂದು ಫೋಟೋ ಡಬ್ಬಕ್ಕೆ ಹಾಕಿದಳು. ಕಂಬದ ಬಳಿಯಿಂದ ತೆಗೆದದ್ದು ಅವಳದೇ ಅಂತ ಈಗ ಮಾಸ್ಟರಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಪ್ರತಿ ತಿಂಗಳೂ ಗೆರೆ ಬಿತ್ತು. ಹಾಡುತ್ತ ಹಾಡುತ್ತ ಅಳು ಬಂದವಳ ಫೋಟೋದಲ್ಲಿ, ಅವಳ ಹೆಗಲ ಮೇಲೆ ಪಕ್ಕದವಳು ಇಟ್ಟ ಕೈ ಹೋಯಿತು. ಬೋಧನೆಯ ನಡುವೆ ನಿದ್ದೆಹೋದ ಮುದುಕನ ಫೋಟೋದಲ್ಲಿ, ಅವನು ಬೀಳದ ಹಾಗೆ ಒತ್ತಿಕೊಂಡು ಕೂತ ಹೆಂಡತಿ ಹೋದಳು. ಮೊದಮೊದಲು ಅವಳು ಇದನ್ನು ಬರೀ ಹೊಟ್ಟೆಕಿಚ್ಚು ಅಂದುಕೊಂಡಳು. ಆಮೇಲೆ ಒಂದು ದಿನ ಕತ್ತರಿಸಿದ ತುಂಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಕಂಡಿತು. ಚಾಕ್ ಬಿದ್ದ ಕಡೆಯೇ ಪ್ರತಿ ಚಿತ್ರದ ಜೀವ ಇತ್ತು. ಒಂದು ಸಲವೂ ಗುರಿ ತಪ್ಪಿರಲಿಲ್ಲ. ಜೀವ ಎಲ್ಲಿದೆ ಅಂತ ನೋಡಬಲ್ಲವರಿಗೆ ಮಾತ್ರ ಅಷ್ಟು ಕರಾರುವಾಕ್ಕಾಗಿ ಕೊಲ್ಲಲು ಬರುತ್ತದೆ.

ಇದು ಅವಳಿಗೆ ಪಾಠವೂ ಆಯಿತು, ವಿಷವೂ ಆಯಿತು. ಬೇಕೆಂದೇ ಒಮ್ಮೆ ಅಂಚಿನಲ್ಲಿ ಒಂದು ಬಕೆಟ್ಟು ಸೇರಿಸಿ ತೆಗೆದಳು, ಅದನ್ನು ಕತ್ತರಿಸಿ ತೃಪ್ತಿಪಡಲಿ ಅಂತ. ಮಾಸ್ಟರು ಬಕೆಟ್ಟನ್ನು ಉಳಿಸಿ, ಇನ್ನೊಂದು ಅಂಚಿನ ಮುಖವನ್ನು ಕತ್ತರಿಸಿದರು. ಆವತ್ತು ಅವಳಿಗೆ ಅಳುವ ಬದಲು ನಗು ಬಂದಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಮದ್ದು ಅಂತ ಗೊತ್ತಿದ್ದೇ ಗಿಡವನ್ನು ಬುಡಸಮೇತ ಕೀಳುವವರು ಗಂಡನಾಗಿ ಸಿಕ್ಕಿದ್ದರು. ಡಾಕ್ಟರು, ಬೇಕರಿಯವನು, ಕೊನೆಗೆ ಬೋಧಕರು ಕೂಡ ಸಿಕ್ಕಲ್ಲೆಲ್ಲ ಹೊಗಳಿದರು. "ನಿಮ್ಮ ಕಣ್ಣು ದೊಡ್ಡದಕ್ಕ," ಅಂದರು. ಆ ಮಾತುಗಳು ಅವಳ ಬಳಿ ನಿಲ್ಲಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಬಾಯಿಯಿಂದ.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ, ಆ ಬಾಯಿಯೇ ಒಂದು ದಿನ ನಿಂತುಹೋಯಿತು. ಕಾರ್ಖಾನೆಯ ಮೇಜಿನ ಮುಂದೆ ಗೆರೆ ಎಳೆಯುತ್ತಿದ್ದ ಮಾಸ್ಟರಿಗೆ ಲಕ್ವ ಹೊಡೆಯಿತು. ಗೆರೆ ಬಟ್ಟೆಯ ಮೇಲೆ ಅಂಕುಡೊಂಕಾಗಿ ಹೋಗಿ, ಮೇಜಿನಿಂದ ಕೆಳಗಿಳಿದಿತ್ತಂತೆ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅವಳ ಬೋರ್ಡಿಗೆ ಕಾರ್ಖಾನೆಯಿಂದ ಕರೆ ಬಂದಾಗ, ಗುಮಾಸ್ತನ ದನಿ ಕೇಳಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. "ಸ್ವಲ್ಪ ತಲೆ ಸುತ್ತು ಬಂದಿದೆ ಅಷ್ಟೇ ಅಮ್ಮಾ" ಅನ್ನುತ್ತಿದ್ದ ಪಾಪ.

ಉಣ್ಣಿಸುವುದು, ತೊಳೆಯುವುದು, ಮಗ್ಗುಲು ತಿರುಗಿಸುವುದು, ಎಲ್ಲ ಅವಳೇ ಮಾಡಿದಳು. ಪ್ರೀತಿಯಿಂದ ಮಾಡಿದಳು ಅಂದರೆ ಸುಳ್ಳಾಗುತ್ತದೆ. ಆಚೆಮನೆಯವರು "ಎಂಥ ಹೆಂಡತಿ ಸಿಕ್ಕಿದಾಳೆ ನೋಡಿ" ಅಂದಾಗ ಅವಳಿಗೆ ಮೈ ಉರಿಯುತ್ತಿತ್ತು. ಮಾಸ್ಟರು ಎಡಗೈಯಿಂದ ತಟ್ಟೆಯನ್ನು ಒಂದಿಷ್ಟು ದೂರ ತಳ್ಳಿದರೆ ಉಪ್ಪು ಜಾಸ್ತಿಯಾಗಿದೆ ಅಂತ ಅರ್ಥ. ಮಾತು ಹೋದರೂ ತಪ್ಪು ಹೇಳುವುದು ಹೋಗಿರಲಿಲ್ಲ.

ಪ್ರತಿವಾರ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮಂದಿರಕ್ಕೆ ಕರೆದೊಯ್ಯುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಡಾಕ್ಟರು ಆ ಎರಡು ರಟ್ಟಿನ ಪಟ್ಟಿಗಳನ್ನೂ ಚಾಕನ್ನೂ ಅವಳ ಕೈಗಿಟ್ಟರು. "ಇನ್ಮೇಲೆ ನೀವೇ ಅಕ್ಕ. ಆ ಜಾಗಕ್ಕೆ ಬೇರೆ ಯಾರಿದಾರೆ?"

ಮೊದಲ ಸಲ ಚಾಕ್ ಹಿಡಿದಾಗ ಪಟ್ಟಿಗಳನ್ನು ಹತ್ತು ಸಲ ಸರಿಸಿ ನೋಡಿದಳು. ಎರಡನೆಯ ಸಲ ಒಮ್ಮೆ ಸರಿಸಿದ್ದೇ ಸಾಕಾಯಿತು. ಬೋಧಕರ ಪಕ್ಕ ದೀಪ ಹಿಡಿದು ನಿಂತ ಹೆಣ್ಣುಮಗಳೊಬ್ಬಳ ಫೋಟೋಕ್ಕೆ ಅವಳು ಹಿಂದೆಮುಂದೆ ನೋಡದೆ ಗೆರೆ ಎಳೆದು, "ಈ ಹುಡುಗಿ ನಿಂತಿರೋದು ದೇವರಿಗಲ್ಲ, ಕ್ಯಾಮೆರಾಕ್ಕೆ. ಆಚೆ ಹಾಕಿ," ಅಂದಳು. ಕೋಣೆ ನಕ್ಕಿತು. ಆ ನಗು ಬಿಸಿ ಚಹಾದ ಹಾಗೆ ಅವಳ ಒಳಗಿಳಿಯಿತು. ಮಗುಚಿ ನೋಡಿದರೆ ಮತ್ತೆ ಬೇಕರಿಯವನೇ. ಹುಡುಗಿ ಅವನ ಮಗಳು. ಅವನು ಸುಮ್ಮನೆ ಕತ್ತರಿಸಿದ. ಹೊರಗೆ ಹೋಗುವಾಗ, "ಅಕ್ಕ, ನೀವೂ ಮಾಸ್ಟರಾದ್ರಿ," ಅಂದ. ಅವನ ದನಿ ಕೇಳಿದ ಅವಳಿಗೆ ಅದು ಹೊಗಳಿಕೆಯಲ್ಲ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ವರ್ಷದ ಕೊನೆಗೆ ಅವಳು ಒಂದು ಫೋಟೋ ತೆಗೆದಳು. ಅದೇ ಕಂಬ, ಅದೇ ಸಿಕ್ಕಿಕೊಂಡ ಉಂಗುರ, ಎಲ್ಲರೂ ಕಣ್ಣು ಮುಚ್ಚಿ ನಿಲ್ಲುವ ಅದೇ ಹೊತ್ತು. ಸೂಜಿ ದಾರ ಮಾರುವ ಹೆಂಗಸು ಈಗ ಮುದುಕಿ. ಅವಳು ಈ ಸಲ ಬಾಗಿಲ ಕಡೆ ನೋಡುತ್ತಿರಲಿಲ್ಲ, ಎಲ್ಲರ ಹಾಗೆ ಅವಳೂ ಕಣ್ಣು ಮುಚ್ಚಿದ್ದಳು. ಬಲಗಡೆ ಬಾಗಿಲು ಪೂರ್ತಿ ತೆರೆದಿತ್ತು, ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು, ಯಾರೂ ಇರಲಿಲ್ಲ. ಎಡಗಡೆಯ ಅಂಚಿನಲ್ಲಿ ಗಾಲಿಕುರ್ಚಿಯಲ್ಲಿ ಮಾಸ್ಟರು. ಇಡೀ ಮಂದಿರದಲ್ಲಿ ತೆರೆದಿದ್ದದ್ದು ಅವರ ಕಣ್ಣು ಮಾತ್ರ, ನೇರ ಅವಳ ಕ್ಯಾಮೆರಾವನ್ನೇ ನೋಡುತ್ತಿತ್ತು.

ಪ್ರಿಂಟು ಕೈಗೆ ಬಂದಾಗಲೇ ಅವಳಿಗೆ ತಿಳಿಯಿತು. ಇದಕ್ಕಿಂತ ಒಳ್ಳೆಯದನ್ನು ತಾನು ತೆಗೆದಿಲ್ಲ, ಇನ್ನು ತೆಗೆಯುವುದೂ ಇಲ್ಲ. ಸಭೆಗೆ ಒಯ್ಯುವ ಮೊದಲು, ಬೆಳಗ್ಗೆ ಚಹಾ ಕುಡಿಸಿ, ಬಾಯಿ ಒರೆಸಿ, ಫೋಟೋವನ್ನು ಅವರ ತೊಡೆಯ ಮೇಲಿಟ್ಟಳು.

"ನೋಡಿ. ಬೆನ್ನಿಗೆ ಹೆಸರು ಬರೆದಿಲ್ಲ, ಯಾರದು ಅಂತ ನಿಮಗೂ ಗೊತ್ತು. ನಗೋಕೆ ಇಲ್ಲಿ ಯಾರೂ ಇಲ್ಲ, ನಾವಿಬ್ಬರೇ. ಈಗಲಾದ್ರೂ ಹೇಳಿ. ತಲೆ ಆಡಿಸಿದ್ರೂ ಸಾಕು."

ಮಾಸ್ಟರು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕಣ್ಣು ಮುದುಕಿಯ ಮೇಲೆ ನಿಂತಿತು, ಬಾಗಿಲಿಗೆ ಹೋಯಿತು, ತಿರುಗಿ ಬಂತು. ಆಮೇಲೆ ಎಡಗೈ ಚಾಚಿ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ತೋರಿಸಿದರು. ಚಾಕ್ ಬೇಕಿತ್ತು.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಸಾಯೋವರೆಗೂ ಬಿಡಲ್ಲ ಅಲ್ಲವೇನ್ರೀ ನೀವು!" ಅಂದಳು. ಅಂದರೂ ಚಾಕ್ ತಂದುಕೊಟ್ಟಳು. ಎಲ್ಲಿ ಕೊಲ್ಲುತ್ತಾರೋ ನೋಡೇಬಿಡೋಣ ಅಂತ.

ಎಡಗೈಯ ಗೆರೆ ಹುಳ ಹರಿದ ಹಾಗೆ ಸೊಟ್ಟಸೊಟ್ಟಗೆ ಮೇಲಿನಿಂದ ಕೆಳಗಿಳಿಯಿತು. ಬಾಗಿಲ ಹತ್ತಿರ ಹೋಗಲಿಲ್ಲ. ಮುದುಕಿಯ ಹತ್ತಿರ ಹೋಗಲಿಲ್ಲ. ಎಡಗಡೆಗೆ, ಗಾಲಿಕುರ್ಚಿಗೂ ಉಳಿದ ಜನಕ್ಕೂ ನಡುವೆ ಬಿತ್ತು. ಅವರು ಕತ್ತರಿಸಬೇಕೆಂದು ತೋರಿಸಿದ್ದು ತಮ್ಮನ್ನೇ.

ಅವಳು ಅಂಗೈಯಿಂದ ಆ ಭಾಗವನ್ನು ಮುಚ್ಚಿ ನೋಡಿದಳು. ಅವರು ಹೇಳಿದ್ದು ಸರಿಯಾಗಿತ್ತು. ಗಾಲಿಕುರ್ಚಿ ಇದ್ದಾಗ ಕಣ್ಣೆಲ್ಲ ಅವರ ಮೇಲೇ ಹೋಗುತ್ತಿತ್ತು. ಅವರು ಹೋದ ಕೂಡಲೇ, ಕಾದು ಕಾದು ಕಣ್ಣು ಮುಚ್ಚಿದ ಮುದುಕಿ ಇದ್ದಳು, ಯಾರೂ ಬಾರದ ತೆರೆದ ಬಾಗಿಲು ಇತ್ತು, ಅಷ್ಟೇ. ಅಂದು ಕತ್ತರಿಸಿದ ಬಾಗಿಲನ್ನು ಈ ಸಲ ಅವರು ಉಳಿಸಿದ್ದರು. ಅಂದರೆ ಎಲ್ಲ ನೆನಪಿತ್ತು. ಅಂದರೆ ಎಲ್ಲ ಮೊದಲಿಂದಲೂ ಗೊತ್ತಿತ್ತು.

"ಇದು ತಪ್ಪೊಪ್ಪಿಗೆಯಾ? ಅಥವಾ ಇದೂ ನನ್ನ ಚಿತ್ರ ಕೆಡಿಸೋ ಆಟನಾ?" ಅವಳು ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ ಕೇಳಿದಳು. ಅವರ ಗಂಟಲಿನಿಂದ ಗೊರಗೊರ ಶಬ್ದ ಬಂತು. ಅದರಲ್ಲಿ ಏನೂ ಇರಲಿಲ್ಲ. ದನಿ ಇದ್ದಿದ್ದರೆ ಒಂದೇ ಮಾತಿಗೆ ಅವಳಿಗೆ ತಿಳಿದುಹೋಗುತ್ತಿತ್ತು. ಸಾವಿರ ಜನರ ಸುಳ್ಳು ನಿಜ ದನಿಯಲ್ಲೇ ಹಿಡಿದವಳಿಗೆ, ಬೇಕಾದ ಒಂದನ್ನು ಹಿಡಿಯಲು ದನಿಯೇ ಇರಲಿಲ್ಲ.

ಸಭೆಯಲ್ಲಿ ಅವಳು ಚಾಕಿನ ಗೆರೆಯ ಸಮೇತ ಫೋಟೋವನ್ನು ಹಲಗೆಗೆ ಚುಚ್ಚಿದಳು. "ಅಯ್ಯೋ ಬೇಡ ಅಕ್ಕ, ಮಾಸ್ಟರನ್ನೇ ಕತ್ತರಿಸೋದಾ? ಇರಲಿ ಬಿಡಿ, ಪಾಪ," ಅಂದರು ಡಾಕ್ಟರು.

"ಕಣ್ಣಿಗೆ ಸಂಬಂಧ ಇರಬಾರದು ಡಾಕ್ಟ್ರೇ," ಅಂದಳು ಅವಳು, ದಾರದ ಕತ್ತರಿ ಎತ್ತಿಕೊಂಡಳು. ಗೆರೆ ಸೊಟ್ಟಗಿತ್ತು. ಅವಳು ನೆಟ್ಟಗೆ ಕತ್ತರಿಸಿದಳು. ಬಿದ್ದ ತುಂಡನ್ನು ಬೇಕರಿಯವನು ಎತ್ತಿ ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

ಹಜಾರದ ಗೋಡೆಯ ಮೇಲೆ ಆ ಫೋಟೋದ ಮುಂದೆ ಜನ ನಿಂತು ನಿಂತು ಹೋದರು. ಯಾರೂ ಏನೂ ಕೇಳಲಿಲ್ಲ. ಏನೋ ಕಡಿಮೆಯಾಗಿದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಮರುವಾರ ಅವಳು ಗಾಲಿಕುರ್ಚಿ ತಳ್ಳಿಕೊಂಡು ಅದೇ ಹಜಾರದಲ್ಲಿ ಬಂದಳು. ಫೋಟೋದ ಎದುರಿಗೆ ಬಂದಾಗ ಮಾಸ್ಟರು ಎಡಗೈಯಿಂದ ಚಕ್ರ ಹಿಡಿದು ನಿಲ್ಲಿಸಿದರು. ನೋಡಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ ರಟ್ಟಿನ ಪಟ್ಟಿಯ ಹಾಗೆ ಮೂಲೆ ಮಾಡಿ ಫೋಟೋದ ಕಡೆ ಹಿಡಿದರು. ಆಮೇಲೆ ಕೈ ಇಳಿಸಿ, ಅವಳ ಕಡೆ ಕತ್ತು ತಿರುಗಿಸಿ, ತಲೆ ಆಡಿಸಿದರು. ಚೆನ್ನಾಗಿದೆ ಅಂತ. ಇದರಲ್ಲಿ ಕತ್ತರಿಸೋಕೆ ಏನೂ ಇಲ್ಲ ಅಂತ. ಎರಡನೆಯ ಮಾತಿಗೆ ಎಡೆಯಿಲ್ಲದ ಹಾಗೆ ಇನ್ನೊಮ್ಮೆ ಆಡಿಸಿದರು.

ಪಕ್ಕದಲ್ಲೇ ನಿಂತಿದ್ದ ಡಾಕ್ಟರು ಕಣ್ಣೊರೆಸಿಕೊಂಡರು. ಅವರಿಗೆ ಕಡಲೆಯ ಜೋಕು ನೆನಪಾಗಲಿಲ್ಲ, ಅವಳಿಗೆ ನೆನಪಾಯಿತು. ಮದುವೆಯಾದ ದಿನದಿಂದ ಬಾಯಿ ಬಿಟ್ಟುಕೊಂಡು ಕಾದದ್ದು ಕೈಗೆ ಬಂದಿತ್ತು. ಒಳಗೆ ಎಲ್ಲಾದರೂ ಸಂತೋಷ ಇದೆಯೇನೋ ಅಂತ ಹುಡುಕಿಕೊಂಡಳು. ಇರಲಿಲ್ಲ.

"ಗೊತ್ತು ಬಿಡಿ," ಅಂದಳು. "ನಿಮ್ಮನ್ನೇ ಕತ್ತರಿಸಿದ ಮೇಲೆ ಇನ್ನೇನಿದೆ ಕತ್ತರಿಸೋಕೆ?"

ಚಕ್ರದ ಮೇಲಿದ್ದ ಅವರ ಕೈಯನ್ನು ಬಿಡಿಸಿ ತೊಡೆಯ ಮೇಲಿಟ್ಟು, ಕುರ್ಚಿಯನ್ನು ಮುಂದಕ್ಕೆ ತಳ್ಳಿದಳು.